ಮನೆಯ ಬೋರ್ಡು ಬಾಗಿಲಲ್ಲಲ್ಲ, ಕವಲಿನಲ್ಲಿರಲಿ

ತೋಟದ ಮನೆಗಳಿಗೆ ದಾರಿ ಹೇಳುವುದು ಒಂದು ವಿದ್ಯೆ. "ಡಾಮರು ರಸ್ತೆ ಬಿಟ್ಟು ಬಲಕ್ಕೆ ಬನ್ನಿ. ಹಾಲಿನ ಸೊಸೈಟಿ ಸಿಗ್ತದೆ. ಅದನ್ನು ಕಳೆದು ಒಂದು ಹಳೇ ಧೂಪದ ಮರ. ಅಲ್ಲಿ ದಾರಿ ಎರಡಾಗ್ತದೆ, ಕೆಳಗಿಂದು ಹಿಡಿಯಬೇಡಿ, ಮೇಲಿಂದು ಹಿಡೀರಿ. ಸಂಕ ದಾಟಿದ ಮೇಲೆ ಯಾರಲ್ಲಿ ಕೇಳಿದರೂ ಹೇಳ್ತಾರೆ." ದಕ್ಷಿಣ ಕನ್ನಡ, ಕೊಡಗು, ಶೃಂಗೇರಿ, ಶಿರಸಿ ಎಲ್ಲಿ ಹೋದರೂ ಇದೇ ಧಾಟಿ. ಮನೆಗೂ ಮನೆಗೂ ನಡುವೆ ತೋಟ, ತೋಟಕ್ಕೂ ತೋಟಕ್ಕೂ ನಡುವೆ ಗುಡ್ಡೆ. ಬೀದಿ ಎಂಬುದೇ ಇಲ್ಲದ ಊರುಗಳು ನಮ್ಮವು.

ಹಗಲಿಗೆ ಇಷ್ಟು ಗುರುತು ಸಾಕು. ರಾತ್ರಿ ಹನ್ನೊಂದಕ್ಕೆ ಧೂಪದ ಮರವೂ ಒಂದೇ, ಹಲಸಿನ ಮರವೂ ಒಂದೇ. ಸೊಸೈಟಿಗೆ ಬೀಗ. ಕೇಳುವ ಎಂದರೆ ಜನ ಇಲ್ಲ, ನಾಯಿ ಉಂಟು. ಮದುವೆ ಕರೆಯಲು ಬಂದವರಾದರೆ ಹಿಂದೆ ಹೋಗಿ ನಾಳೆ ಬಂದಾರು. ರೋಗಿಯನ್ನು ಕರೆದೊಯ್ಯಲು ಬರುವ ಗಾಡಿಗೆ ಆ ಅನುಕೂಲ ಇಲ್ಲ.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದದ್ದು 2008ರಲ್ಲಿ. ಅಂದಿನಿಂದ ಫೋನು ಮಾಡಿದರೆ ಗಾಡಿ ಹೊರಡುತ್ತದೆ ಎಂಬ ಧೈರ್ಯ ಹಳ್ಳಿಗೂ ಬಂದಿದೆ. ಆದರೆ ಗಾಡಿ ಹೊರಡುವುದು ಬೇರೆ, ಅಂಗಳಕ್ಕೆ ಮುಟ್ಟುವುದು ಬೇರೆ. ಚಾಲಕ ನಮ್ಮ ಊರಿನವನಾಗಿರಬೇಕೆಂದಿಲ್ಲ. ಡಾಮರು ರಸ್ತೆಯಲ್ಲಿ ಹತ್ತು ಮೈಲು ಹದಿನೈದು ನಿಮಿಷದಲ್ಲಿ ಬರುವವ, ಕೊನೆಯ ಒಂದು ಮೈಲಿಗೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾನೆ. ಅವನ ತಪ್ಪಲ್ಲ. ಮೂರು ಕವಲಿನಲ್ಲಿ ಮೂರು ಸಲ ನಿಂತು ಫೋನು ಮಾಡಬೇಕು. ಒಂದು ಕಡೆ ತಪ್ಪಿದರೆ ಗಾಡಿ ತಿರುಗಿಸಲು ಜಾಗ ಸಿಗುವವರೆಗೆ ಮುಂದೆಯೇ ಹೋಗಬೇಕು.

ಆ ಹೊತ್ತಿಗೆ ಬೆಲೆ ಎಷ್ಟು? ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿಯೇ. ವಿಷಕ್ಕೆ ಪ್ರತಿವಿಷ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಪಾರ್ಶ್ವವಾಯು ಬಡಿದರೆ, ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಸುಳ್ಯದ ಒಳಭಾಗದಿಂದ ಮಂಗಳೂರು ಮುಟ್ಟಲಿಕ್ಕೇ ಎರಡು ಗಂಟೆ ಹೋಗುತ್ತದೆ. ಉಳಿದ ಎರಡೂವರೆ ಗಂಟೆಯಲ್ಲಿ ಗಾಡಿ ಬರಬೇಕು, ಪರೀಕ್ಷೆ ಆಗಬೇಕು, ಮದ್ದು ಹೋಗಬೇಕು. ಇದರಲ್ಲಿ ಅರ್ಧ ಗಂಟೆ ಕವಲಿನಲ್ಲಿ ಕಳೆದರೆ ನಷ್ಟ ಯಾರಿಗೆ? ರಬ್ಬರಿನ ಹೊಗೆಗೂಡಿಗೆ ಬೆಂಕಿ ಬಿದ್ದಾಗ ಬರುವ ಅಗ್ನಿಶಾಮಕದ ಗಾಡಿಗೂ ಇದೇ ಪಾಡು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ರಾತ್ರಿಯಿಡೀ ತಾನಾಗಿ ಬೆಳಗುವ ಒಂದು ಮನೆ ಬೋರ್ಡು ಈಗ ಶೋಕಿಯ ವಸ್ತು ಅಲ್ಲ, ಪಂಪ್‌ಶೆಡ್ಡಿನಷ್ಟೇ ಅಗತ್ಯದ್ದು. ಅದು ಇರಬೇಕಾದ್ದು ಗೇಟಿನಲ್ಲಲ್ಲ, ದಾರಿ ಕವಲೊಡೆಯುವಲ್ಲಿ. ಕವಲು ಎಲ್ಲರದ್ದಾದ ಕಾರಣ ಅದನ್ನು ಆ ದಾರಿಯ ಮನೆಯವರೆಲ್ಲ ಸೇರಿ ಹಾಕಬೇಕು.

ನಂಬ್ರ ಉಂಟು, ಕಾಣುವುದಿಲ್ಲ

ಮನೆ ನಂಬ್ರ ಇಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಪಂಚಾಯತಿನವರು ದಾರಂದಕ್ಕೆ ಹೊಡೆದ ತಗಡಿನ ತುಂಡು ಎಲ್ಲರ ಮನೆಯಲ್ಲೂ ಉಂಟು. ತೆರಿಗೆಗೆ, ರೇಶನ್ ಕಾರ್ಡಿಗೆ, ಮತದಾರರ ಪಟ್ಟಿಗೆ ಅದು ಬೇಕು. ಆದರೆ ಅದನ್ನು ಓದಬೇಕಾದರೆ ಮೊದಲು ಜಗಲಿ ಹತ್ತಬೇಕು! ಜಗಲಿ ಹತ್ತಿದವನಿಗೆ ನಂಬ್ರ ಯಾಕೆ?

ಇನ್ನು ಮನೆಯ ಹೆಸರು. ಮಜಲು, ಕೋಡಿ, ಬೈಲು, ಮೂಲೆ, ಕಜೆ, ಪದವು. ನೆಲದ ಗುಣ ನೋಡಿ ಹಿರಿಯರು ಇಟ್ಟ ಚಂದದ ಹೆಸರುಗಳು. ಒಂದೇ ಕಷ್ಟ, ಒಂದು ಹೆಸರಿನ ಮನೆ ನಾಲ್ಕು ಗ್ರಾಮದಲ್ಲಿ ಇರುತ್ತದೆ. 'ಮಜಲು' ಎಂದರೆ ಯಾವ ಮಜಲು? ಹೆಸರಿನ ಜೊತೆ ನಂಬ್ರವೂ ಇದ್ದರೆ ಈ ಗೊಂದಲ ಇಲ್ಲ.

ಅಮೆರಿಕದ ಹಲವು ಕಡೆ ಮನೆ ಕಟ್ಟುವಾಗ ಅನುಸರಿಸುವ ಒಂದು ಮಾದರಿ ನಿಯಮಾವಳಿ ಉಂಟು. ಅದರಲ್ಲಿ ಮನೆಯ ನಂಬ್ರಕ್ಕೂ ಅಳತೆ ಹೇಳಿದ್ದಾರೆ. ಅಂಕೆ ಕನಿಷ್ಠ ನಾಲ್ಕು ಇಂಚು ಎತ್ತರ, ಗೆರೆ ಅರ್ಧ ಇಂಚು ದಪ್ಪ, ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣ. ಮನೆ ರಸ್ತೆಗೆ ಕಾಣದಿದ್ದರೆ ರಸ್ತೆ ಬದಿಯಲ್ಲಿ ಕಂಬ ನೆಟ್ಟು ನಂಬ್ರ ತೋರಿಸಬೇಕು. ಅವರದ್ದೆಲ್ಲ ನಮಗೆ ಹೊಂದುವುದಿಲ್ಲ ಎಂಬ ಮಾತು ಸರಿಯೇ. ಈ ಒಂದು ನಿಯಮ ಮಾತ್ರ ನಮ್ಮ ತೋಟದ ಮನೆಗಳನ್ನು ನೋಡಿಯೇ ಬರೆದ ಹಾಗಿದೆ.

ಮೊಬೈಲು ಸಾಲದೇ?

"ಈಗ ಲೊಕೇಶನ್ ಕಳಿಸಿದರೆ ಆಯ್ತಲ್ಲ ಮಾರಾಯ್ರೆ!" ಎಂದು ಯುವಕರು ಕೇಳಬಹುದು. ಪೇಟೆಯಲ್ಲಿ ಆಗಬಹುದು. ನಮ್ಮಲ್ಲಿ ಅದಕ್ಕೆ ಮೂರು ತೊಡಕು. ಒಂದು, ತಗ್ಗಿನ ಮನೆಗಳಲ್ಲಿ ಸಿಗ್ನಲು ಬೇಕೆಂದರೆ ಗುಡ್ಡೆಗೆ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಗುಡ್ಡೆಯಲ್ಲೂ ಇಲ್ಲ. ಎರಡು, ನಕ್ಷೆಗೆ ಕಾಲುದಾರಿಯೂ ರಸ್ತೆಯೇ. ಅಡಿಕೆ ಮರದ ಪಾಲ ಇರುವಲ್ಲಿಗೆ ಕಾರನ್ನು ಕರೆತಂದು ನಿಲ್ಲಿಸುತ್ತದೆ. ಮೂರು, ಮನೆಯಲ್ಲಿ ಮುದುಕರಿಬ್ಬರೇ ಇದ್ದರೆ ಲೊಕೇಶನ್ ಕಳಿಸುವುದು ಯಾರು? ಇಂದು ಎಷ್ಟೋ ತೋಟದ ಮನೆಗಳಲ್ಲಿ ಇರುವುದು ಇಬ್ಬರೇ ಮುದುಕರು.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆ ತಂದಿದೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರು ಚೌಕಗಳಾಗಿ ಭಾಗ ಮಾಡಿ ಒಂದೊಂದಕ್ಕೆ ಹತ್ತು ಅಕ್ಷರ-ಅಂಕೆಗಳ ಗುರುತು ಕೊಟ್ಟಿದ್ದಾರೆ. ಒಳ್ಳೆಯ ಕೆಲಸ. ನಿಮ್ಮ ಮನೆಯದ್ದನ್ನು ಹುಡುಕಿ ಫೋನಿನ ಹತ್ತಿರ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ. ಆದರೆ ಕವಲಿನಲ್ಲಿ ನಿಂತ ಚಾಲಕನಿಗೆ ಎಡವೋ ಬಲವೋ ಎಂಬುದು ಕಣ್ಣಿಗೆ ಕಾಣಬೇಕು. ಮೊಬೈಲು ಊರಿನವರೆಗೆ ತರಲಿ, ಅಲ್ಲಿಂದ ಮುಂದೆ ಬೋರ್ಡು ಕರೆದುಕೊಂಡು ಬರಲಿ.

ಸೋಲಾರೇ ಯಾಕೆ?

ಮನೆಯಿಂದ ಕವಲಿಗೆ ಕಾಲು ಮೈಲು, ಅರ್ಧ ಮೈಲು ದೂರ. ಅಷ್ಟು ಉದ್ದ ವಯರು ಎಳೆದು ಒಂದು ಬಲ್ಬು ಉರಿಸುವುದು ಆಗದ ಮಾತು. ಎಳೆದರೂ ಜೂನ್-ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ದಾರಿ ತಪ್ಪುವುದೂ ಅದೇ ರಾತ್ರಿಗಳಲ್ಲಿ.

ಸೋಲಾರು ನಮಗೆ ಹೊಸತಲ್ಲ. ಸೆಲ್ಕೋ ಸಂಸ್ಥೆ 1995ರಲ್ಲಿ ಶುರುವಾದ ಮೇಲೆ ಕರಾವಳಿ-ಮಲೆನಾಡಿನ ಎಷ್ಟೋ ಮನೆಗಳು ಬ್ಯಾಂಕ್ ಸಾಲದಲ್ಲಿ ಸೋಲಾರು ದೀಪ ಹಾಕಿಸಿಕೊಂಡವು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ಯಾನೆಲು ಒರೆಸುವುದು, ಬ್ಯಾಟರಿಗೆ ನೀರು ಹಾಕುವುದು ನಮ್ಮ ಹೆಂಗಸರಿಗೂ ಮಕ್ಕಳಿಗೂ ಅಂದೇ ಗೊತ್ತು. ಅಂದು ಉರಿಯುತ್ತಿದ್ದದ್ದು ಟ್ಯೂಬು, ಸಿಎಫ್‌ಎಲ್. ಈಗಿನ ಎಲ್‌ಇಡಿಗೆ ಅರ್ಧ ವಾಟು ಸಾಕು. ಕತ್ತಲೆ ದಾರಿಯಲ್ಲಿ ಒಂದೂವರೆ ಅಡಿಯ ಬೋರ್ಡು ಅಷ್ಟರಲ್ಲೇ ಚೆನ್ನಾಗಿ ಓದಲು ಸಿಗುತ್ತದೆ.

"ರೇಡಿಯಂ ಸ್ಟಿಕ್ಕರು ಅಂಟಿಸಿದರೆ ಸಾಲದೇ? ಖರ್ಚೂ ಇಲ್ಲ." ಇದು ಸರಿಯಾದ ಪ್ರಶ್ನೆ. ರೇಡಿಯಂ ಒಳ್ಳೆಯದೇ. ಆದರೆ ಅದಕ್ಕೆ ಸ್ವಂತ ಬೆಳಕಿಲ್ಲ. ಹೆಡ್‌ಲೈಟು ನೇರ ಬಿದ್ದರೆ ಮಾತ್ರ ಹೊಳೆಯುತ್ತದೆ. ತಿರುವಿನ ಬದಿಗೋ ಏರಿನ ಮೇಲೋ ಇರುವ ಬೋರ್ಡಿಗೆ ಬೆಳಕು ಬೀಳುವುದು ಗಾಡಿ ಮುಂದೆ ಹೋದ ಮೇಲೆ. ಟಾರ್ಚು ಹಿಡಿದು ನಡೆದು ಬರುವವನಿಗೂ ಅಷ್ಟಕ್ಕಷ್ಟೇ. ನನ್ನ ಸಲಹೆ, ಎರಡನ್ನೂ ಮಾಡಿ. ಅಕ್ಷರ, ಅಂಕೆ ರೇಡಿಯಂನದ್ದಾಗಲಿ, ಮೇಲಿಂದ ಎಲ್‌ಇಡಿ ಬೆಳಕು ಬೀಳಲಿ. ಯಾವತ್ತಾದರೂ ದೀಪ ಕೆಟ್ಟರೆ ರೇಡಿಯಂ ಕೈಬಿಡುವುದಿಲ್ಲ.

ಲೆಕ್ಕ ಹೀಗೆ

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಸೋಲಾರು ನಂಬ್ರ ದೀಪಗಳ ಪ್ಯಾನೆಲು ಅಂಗೈಯಗಲ, ಬ್ಯಾಟರಿ ಬೆರಳುದ್ದ. ಬೇಸಗೆಯಲ್ಲಿ ಚಂದ ಉರಿಯುತ್ತವೆ. ಆಷಾಢದ ಮೋಡದಲ್ಲಿ ಸಂಜೆ ಏಳಕ್ಕೆ ಹತ್ತಿ ಒಂಬತ್ತಕ್ಕೆ ಆರುತ್ತವೆ. ಮಳೆಗಾಲದ ಲೆಕ್ಕ ಹಾಕದೆ ನಮ್ಮ ಕಡೆ ಸೋಲಾರು ಹಾಕಬಾರದು.

ಊರಿನ ಎಲೆಕ್ಟ್ರಿಶನ್ ಅರ್ಧ ದಿನದಲ್ಲಿ ಜೋಡಿಸುವಂಥ ಸಾಮಾನು ಇವು: 20 ವಾಟಿನ 12 ವೋಲ್ಟ್ ಪ್ಯಾನೆಲು ಒಂದು. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ ಒಂದು. ಕತ್ತಲಾದಾಗ ದೀಪ ಹತ್ತಿಸಿ ಬೆಳಗಾದಾಗ ಆರಿಸುವ ಸಣ್ಣ ಚಾರ್ಜ್ ಕಂಟ್ರೋಲರು ಒಂದು. ನೀರು ಹೋಗದಂತೆ ಮೇಣದ ಹಾಗೆ ಲೇಪ ಹಾಕಿದ 12 ವೋಲ್ಟ್ ಎಲ್‌ಇಡಿ ಪಟ್ಟಿಯ ಒಂದು ತುಂಡು. ಎರಡು ಆಂಪಿಯರಿನ ಫ್ಯೂಸು.

ಮೀಟರಿಗೆ 60 ಎಲ್‌ಇಡಿ, 4.8 ವಾಟಿನ ಸಣ್ಣ ಪಟ್ಟಿ ತೆಗೆದುಕೊಳ್ಳಿ. ಮೂರು ಮೂರು ಎಲ್‌ಇಡಿಗೆ ಒಂದು ಕತ್ತರಿಸುವ ಗುರುತು ಇರುತ್ತದೆ. ಒಂದೊಂದು ತುಂಡು ಎಳೆಯುವುದು 20 ಮಿಲಿ ಆಂಪಿಯರು. ಎರಡು ತುಂಡು, ಅಂದರೆ ಆರು ಎಲ್‌ಇಡಿಗೆ 40. ಹನ್ನೆರಡು ಗಂಟೆ ಉರಿದರೆ 480. ಕಂಟ್ರೋಲರು ತನ್ನ ಹೊಟ್ಟೆಪಾಡಿಗೆ ಹತ್ತು ಮಿಲಿ ಆಂಪಿಯರು ತಿನ್ನುತ್ತದೆ ಎಂದು ಹಿಡಿದರೆ ದಿನಕ್ಕೆ 240. ಎರಡೂ ಕೂಡಿದರೆ 720, ಮುಕ್ಕಾಲು ಆಂಪಿಯರ್-ಅವರ್‌ನ ಒಳಗೆ.

ಬ್ಯಾಟರಿಯಲ್ಲಿರುವ 7ರಲ್ಲಿ ಅರ್ಧ ಮಾತ್ರ ಬಳಸುವುದು ಕ್ಷೇಮ. ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯ ಇಳಿಯುತ್ತದೆ. ಮೂರೂವರೆಯನ್ನು ಮುಕ್ಕಾಲರಿಂದ ಭಾಗಿಸಿ. ಒಂದು ಚೂರೂ ಬಿಸಿಲಿಲ್ಲದೆ ನಾಲ್ಕು ರಾತ್ರಿ ನಿಶ್ಚಿಂತೆ. ಪ್ಯಾನೆಲು ಪೂರ್ತಿ ಬಿಸಿಲಿಗೆ ಒಂದು ಆಂಪಿಯರಿಗಿಂತ ತುಸು ಹೆಚ್ಚು ಕೊಡುತ್ತದೆ. ಇಡೀ ದಿನದ ಮೋಡದ ಬೆಳಕು ಒಂದು ಗಂಟೆಯ ಪೂರ್ತಿ ಬಿಸಿಲಿಗೆ ಸಮ ಎಂದು ಹಿಡಿದರೂ ಆ ರಾತ್ರಿಯ ಖರ್ಚು ಹುಟ್ಟುತ್ತದೆ. ಬೇಸಗೆಗೆ ಈ ಪ್ಯಾನೆಲು ಹೆಚ್ಚಾಯಿತು ಎನಿಸಬಹುದು. ನಾವು ಹಾಕುವುದು ಬೇಸಗೆಗಲ್ಲ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ನಂತರ ಪ್ಯಾನೆಲು, ಕೊನೆಗೆ ದೀಪ. ಬಿಚ್ಚುವಾಗ ಇದಕ್ಕೆ ತಿರುಗ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ ಕಂಬಕ್ಕೆ ಕಟ್ಟಿ, ವಯರು ತಳದಿಂದ ಒಳಗೆ ಹೋಗಲಿ. ವಯರಿನಲ್ಲಿ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತೂತಿಗೆ ಮೇಣ ಮೆತ್ತಿ, ಇಲ್ಲವಾದರೆ ಮೊದಲ ಮಳೆಗೇ ಇರುವೆಗಳು ಒಳಗೆ ಸಂಸಾರ ಹೂಡುತ್ತವೆ. ಬ್ಯಾಟರಿಯ ತುದಿಗಳಿಗೆ ಗ್ರೀಸು ಹಚ್ಚಲು ಮರೆಯಬೇಡಿ.

ಪ್ಯಾನೆಲು ದಕ್ಷಿಣಕ್ಕೆ ಹದಿನೈದು ಡಿಗ್ರಿಯಷ್ಟು ಓರೆ ಇರಲಿ. ಮಳೆ ಬಂದಾಗ ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗುತ್ತದೆ. ಕವಲಿನಲ್ಲಿ ಮರದ ನೆರಳಿದ್ದರೆ ಪ್ಯಾನೆಲನ್ನು ಹತ್ತು ಹದಿನೈದು ಅಡಿ ದೂರದ ಬಯಲಲ್ಲಿ ಬೇರೆ ಕಂಬಕ್ಕೆ ಹಾಕಿ. ಒಂದು ಗೆಲ್ಲಿನ ನೆರಳು ಪ್ಯಾನೆಲಿನ ಮೂಲೆಗೆ ಬಿದ್ದರೂ ಉತ್ಪತ್ತಿ ಬಹಳ ಇಳಿಯುತ್ತದೆ.

ದೀಪದ ಬಣ್ಣ ಬಿಳಿ ಬೇಡ, ಹಳದಿ ಇರಲಿ. ಬಿಳಿ ಬೆಳಕಿಗೆ ಹುಳ ಜಾಸ್ತಿ. ಹುಳಕ್ಕೆ ಹಲ್ಲಿ, ಹುಳಕ್ಕೇ ಜೇಡ. ತಿಂಗಳೊಳಗೆ ನಿಮ್ಮ ಹೆಸರಿನ ಮೇಲೆ ಬಲೆ. ಹಳದಿಗೆ ಹುಳ ಕಡಿಮೆ.

ಬೋರ್ಡಿನಲ್ಲಿ ಏನಿರಬೇಕು

ಬಾಣದ ಗುರುತು, ಮನೆಯ ಹೆಸರು, ನಂಬ್ರ. ಇಷ್ಟೇ. 'ಸುಸ್ವಾಗತ' ಬೇಡ, ದೇವರ ಚಿತ್ರ ಬೇಡ, ಬೋರ್ಡಿಗೆ ದುಡ್ಡು ಕೊಟ್ಟವರ ಪಟ್ಟಿ ಖಂಡಿತ ಬೇಡ. ಕಡು ನೀಲಿ ಅಥವಾ ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಹೆಸರು ಕನ್ನಡದಲ್ಲಿ, ಅಂಕೆ ಇಂಗ್ಲಿಷಿನಲ್ಲಿ. ಹೊರಗಿನ ಚಾಲಕನಿಗೆ ಅಂಕೆಯಾದರೂ ಸಿಗಬೇಕಲ್ಲ. ಅಂಕೆ ನಾಲ್ಕು ಇಂಚಿಗೆ ಕಡಿಮೆ ಬೇಡ.

ಒಂದು ಬೋರ್ಡಿಗೆ ಐದಾರು ಮನೆಗಿಂತ ಹೆಚ್ಚು ಹಿಡಿಯದು. ಹಿಡಿಸಿದರೂ ಓಡುವ ಗಾಡಿಯಿಂದ ಓದಲಾಗದು. ಒಳಗೆ ಇಪ್ಪತ್ತು ಮನೆ ಇದ್ದರೆ ಮೊದಲ ಕವಲಿನಲ್ಲಿ ದಾರಿಯ ಹೆಸರು, "1ರಿಂದ 20" ಎಂದಿಷ್ಟೇ ಇರಲಿ. ಎರಡನೇ ಕವಲಿನಲ್ಲಿ "1ರಿಂದ 8 ಎಡಕ್ಕೆ, 9ರಿಂದ 20 ಬಲಕ್ಕೆ". ಪಂಚಾಯತಿನ ನಂಬ್ರ ದಾರಿಯ ಕ್ರಮದಲ್ಲಿ ಇಲ್ಲದ ಕಡೆ ಮನೆಯವರೇ ಕೂತು ದಾರಿಗೊಂದು ಕ್ರಮಸಂಖ್ಯೆ ಮಾಡಿಕೊಳ್ಳಬಹುದು. ಫೋನಿನಲ್ಲಿ ಹೇಳುವಾಗ "ಸೊಸೈಟಿ ಹತ್ತಿರ ದೀಪದ ಬೋರ್ಡು ಕಾಣ್ತದೆ, ಅದರಲ್ಲಿ ಏಳನೇ ನಂಬ್ರ" ಎಂದರೆ ಮುಗಿಯಿತು. ಗಾಬರಿಯಲ್ಲಿರುವವನ ಬಾಯಿಂದ ಇದಕ್ಕಿಂತ ಹೆಚ್ಚು ಮಾತು ಹೊರಡುವುದೂ ಇಲ್ಲ.

"ಕಳ್ಳರಿಗೆ ದಾರಿ ತೋರಿಸಿದ ಹಾಗಾಗುವುದಿಲ್ಲವಾ?" ಎಂಬ ಸಂಶಯ ಸಹಜ. ಕಳ್ಳನಾದವನು ಹಗಲೇ ಬಂದು ನೋಡಿ ಹೋಗಿರುತ್ತಾನೆ. ಬೋರ್ಡಿಲ್ಲದೆ ದಾರಿ ತಪ್ಪುವುದು ಉಪಕಾರಕ್ಕೆ ಬರುವವನೇ. ಪ್ಯಾನೆಲು ಕದ್ದಾರು ಎಂಬ ಭಯಕ್ಕೆ ಉತ್ತರ, ಕೈಗೆ ಎಟುಕದ ಎತ್ತರ, ಬೋಲ್ಟಿಗೆ ವೆಲ್ಡಿಂಗಿನ ಒಂದು ಚುಕ್ಕೆ.

ಯಾರು ಹಾಕುವುದು, ಯಾರು ನೋಡಿಕೊಳ್ಳುವುದು?

ಬೀದಿ ದೀಪ ಪಂಚಾಯತಿನ ಕೆಲಸ. ಕವಲಿನ ಬೋರ್ಡನ್ನೂ ಅದಕ್ಕೇ ಸೇರಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದು ನ್ಯಾಯ. ಕೇಳಿ, ನಿರ್ಣಯ ಬರೆಸಿ. ಆದರೆ ಪಂಚಾಯತು ಮಾಡಲಿ ಎಂದು ಕಾಯುತ್ತಾ ಕೂರುವುದು ಬೇಡ. ಪಂಚಾಯತು ಹಾಕಿದ ಎಷ್ಟೋ ಸೋಲಾರು ಬೀದಿ ದೀಪಗಳ ಗತಿ ನಾವು ಕಂಡಿದ್ದೇವೆ. ಕಂಬ ಉಂಟು, ಪ್ಯಾನೆಲು ಉಂಟು, ಬೆಳಕಿಲ್ಲ. ದೀಪದ ದೋಷ ಅಲ್ಲ ಅದು. ಹಾಕುವಾಗ ಉದ್ಘಾಟನೆ ಇತ್ತು, ಬ್ಯಾಟರಿ ಬದಲಿಸಲು ಯಜಮಾನ ಇರಲಿಲ್ಲ.

ಇಂಥ ಬ್ಯಾಟರಿ ಹೊರಗಿನ ಸೆಕೆಗೆ ಮೂರು ನಾಲ್ಕು ವರ್ಷ ಬಂದರೆ ದೊಡ್ಡದು. ಅದಕ್ಕೆ ಮೊದಲೇ ಹಣ ತೆಗೆದಿಡಬೇಕು. ಐದಾರು ಮನೆ ಸೇರಿದರೆ ಇಡೀ ಬೋರ್ಡಿನ ಖರ್ಚಿನಲ್ಲಿ ಒಂದು ಮನೆಯ ಪಾಲು, ನನ್ನ ಲೆಕ್ಕದಲ್ಲಿ, ಮರ ಹತ್ತಿ ಮದ್ದು ಬಿಡುವವನ ಒಂದು ದಿನದ ಸಂಬಳಕ್ಕಿಂತ ಹೆಚ್ಚಾಗದು. ಕೊಳೆರೋಗಕ್ಕೆ ಮಳೆಗಾಲಕ್ಕೆ ಮೊದಲೇ ಬೋರ್ಡೋ ಹೊಡೆಯುವುದಿಲ್ಲವೇ? ರೋಗ ಬಂದ ಮೇಲೆ ಹೊಡೆಯುತ್ತೇನೆ ಎನ್ನುವ ಕೃಷಿಕ ಯಾರೂ ಇಲ್ಲ. ಇದೂ ಹಾಗೆಯೇ.

ನೋಡಿಕೊಳ್ಳುವ ಕೆಲಸವನ್ನು ಸರದಿಗೆ ಹಾಕಿ, ವರ್ಷಕ್ಕೆ ಒಂದು ಮನೆ. ಮೇ ತಿಂಗಳ ಕೊನೆಗೆ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ಪ್ಯಾನೆಲು ಒರೆಸಬೇಕು. ಗೆಲ್ಲು ಸವರಬೇಕು, ಪೆಟ್ಟಿಗೆ ತೆರೆದು ಇರುವೆ ನೋಡಬೇಕು. ಅರ್ಧ ಗಂಟೆಯ ಕೆಲಸ. ಉಳಿದ ದಿನ ಆ ದಾರಿಯಲ್ಲಿ ಸಂಜೆ ಹಾಲು ಕೊಟ್ಟು ಬರುವವರು ಬೋರ್ಡು ಬೆಳಗುತ್ತಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಬದಿಯ ಗಡಿಯ ತಕರಾರಿನಿಂದ ಮಾತು ಬಿಟ್ಟ ಎರಡು ಮನೆಗಳು ಒಂದೇ ದಾರಿಯಲ್ಲಿ ಇರುವುದು ನಮ್ಮಲ್ಲಿ ಅಪರೂಪ ಅಲ್ಲ. ಮಾತು ಬಿಟ್ಟರೂ ದಾರಿ ಬಿಡಲಿಕ್ಕಾಗುವುದಿಲ್ಲ. ಅವನ ಮನೆಗೆ ಹೋಗುವ ಆಂಬುಲೆನ್ಸು ನನ್ನ ಗೇಟು ದಾಟಿಯೇ ಹೋಗಬೇಕು. ಅವನ ಹೆಸರೂ ನನ್ನ ಹೆಸರೂ ಒಂದೇ ಬೋರ್ಡಿನಲ್ಲಿ ಮೇಲೆ ಕೆಳಗೆ ಇದ್ದರೆ ಯಾರ ಗಡಿಯೂ ಸರಿಯುವುದಿಲ್ಲ.

ಗೇಟಿಗೆ ಗ್ರಾನೈಟಿನಲ್ಲಿ ಹೆಸರು ಕೆತ್ತಿಸಿ ಎರಡು ಬದಿ ಗೋಳದ ದೀಪ ಇಡುವವರಿಗೆ ನನ್ನ ಆಕ್ಷೇಪ ಇಲ್ಲ. ಅದು ಮನೆಯ ಚಂದಕ್ಕೆ. ಕವಲಿನ ಬೋರ್ಡು ಜೀವಕ್ಕೆ. ಹಣ ಒಂದಕ್ಕೇ ಇರುವುದಾದರೆ ಕವಲಿಗೆ ಹಾಕಿ.

ಈ ಭಾನುವಾರ ಸಂಜೆ ಕತ್ತಲಾದ ಮೇಲೆ ಒಂದು ಕೆಲಸ ಮಾಡಿ. ಟಾರ್ಚು ಹಿಡಿದು ಡಾಮರು ರಸ್ತೆಯವರೆಗೆ ನಡೆದು ಹೋಗಿ, ಊರು ಗೊತ್ತಿಲ್ಲದವನ ಕಣ್ಣಿನಿಂದ ಮನೆಯ ಕಡೆ ನೋಡುತ್ತಾ ಬನ್ನಿ. ಎಲ್ಲೆಲ್ಲಿ "ಇಲ್ಲಿಂದ ಯಾವ ಕಡೆ?" ಎಂದು ಅನಿಸುತ್ತದೋ ಅಲ್ಲೊಂದು ಗೂಟ ಹೊಡೆದು ಬನ್ನಿ. ಎಷ್ಟು ಗೂಟವೋ ಅಷ್ಟು ಬೋರ್ಡು. ಮರುದಿನ ಬೆಳಿಗ್ಗೆ ಆ ದಾರಿಯ ಮನೆಗಳಿಗೆ ಹೋಗಿ ಮಾತಾಡಿ. ಮಳೆ ಹಿಡಿಯುವ ಮೊದಲು ಕಂಬ ನೆಟ್ಟು ಮುಗಿಯಬೇಕು.